ಗಿಳಿಗೂಟ, ಬಿದ್ರಿ, ಇಳಕಲ್ ಸೆರಗು: ಪಡಸಾಲೆಯ ಗೋಡೆಯೊಂದನ್ನು ಅಣಿಗೊಳಿಸಿದ ದಾಖಲೆ

ಧಾರವಾಡದ ಹಳೆಯ ಮನೆಯನ್ನು ಇಳಿಸಿದ ಮೇಲೆ ಅಲ್ಲಿನ ಕೆಲವು ಸಾಮಾನುಗಳು ಬೆಂಗಳೂರಿನ ನಮ್ಮ ಫ್ಲ್ಯಾಟಿಗೆ ಬಂದವು. ಸಾಗುವಾನಿಯ ಒಂದು ಪಟ್ಟಿ, ನಾಲ್ಕು ಗಿಳಿಗೂಟ (ಗಿಳಿಯ ಆಕಾರಕ್ಕೆ ಕೆತ್ತಿದ ಗೋಡೆಗೂಟ), ಹಿತ್ತಾಳೆಯ ಸಮೆ (ದೀಪದ ಕಂಬ), ತಾಮ್ರದ ಹಂಡೆ, ಅಜ್ಜಿಯ ಇಳಕಲ್ ಸೀರೆಯ ಸೆರಗು, ಯಾರದೋ ಮದುವೆಗೆ ಉಡುಗೊರೆಯಾಗಿ ಬಂದಿದ್ದ, ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ ಬಿದ್ರಿ ಹೂದಾನಿ. ಚನ್ನಪಟ್ಟಣದ ಗೊಂಬೆಗಳು ಮೊದಲಿನಿಂದಲೂ ನಮ್ಮಲ್ಲಿದ್ದವು. ಇವನ್ನೆಲ್ಲ ಪಡಸಾಲೆಯ ಒಂದೇ ಗೋಡೆಯಲ್ಲಿ, ಒಂದಕ್ಕೊಂದು ಅಡ್ಡ ಬರದಂತೆ ಹೊಂದಿಸಬೇಕಿತ್ತು.

ಮನೆ ಅಲಂಕಾರದ ಮಾತು ಬಂದಾಗ ಎಲ್ಲರೂ ಬಣ್ಣದಿಂದ ಆರಂಭಿಸುತ್ತಾರೆ. ನಾನು ಪದಾರ್ಥದಿಂದ ಆರಂಭಿಸಿದೆ. ರೇಷ್ಮೆಗೆ ಬಿಸಿಲು ಆಗದು, ಗೊಂಬೆಗಳ ಬಣ್ಣದ ಅರಗಿಗೆ ಬಿಸಿ ಆಗದು, ಬಿದ್ರಿಗೆ ನೀರು ಆಗದು, ಹಿತ್ತಾಳೆಗೆ ಈ ಯಾವುದರ ಭಯವೂ ಇಲ್ಲ. ಇಷ್ಟು ಗೊತ್ತಿದ್ದರೆ ಯಾವ ವಸ್ತುವಿಗೆ ಯಾವ ಜಾಗ ಎಂಬ ಪ್ರಶ್ನೆಯಲ್ಲಿ ಮುಕ್ಕಾಲು ಪಾಲು ತೀರಿಹೋಗುತ್ತದೆ. ಉಳಿದ ಕಾಲು ಭಾಗ ಕಣ್ಣಿಗೆ ಬಿಟ್ಟದ್ದು.

ಬಿಸಿಲಿನ ಗೆರೆ

ಗೋಡೆ 11 ಅಡಿ ಅಗಲ. ಎಡತುದಿಯಲ್ಲಿ ಪಶ್ಚಿಮದ ದೊಡ್ಡ ಕಿಟಕಿ, ಬಲತುದಿಯಲ್ಲಿ ಅಡುಗೆಮನೆಯ ಬಾಗಿಲು. ಗೋಡೆ ದಕ್ಷಿಣಕ್ಕೆ ಮುಖಮಾಡಿದೆ. ಜೂನಿನಲ್ಲಿ ಸೂರ್ಯ ವಾಯವ್ಯದ ಕಡೆಗೆ ಸರಿದು ಮುಳುಗುವುದರಿಂದ ಸಂಜೆಯ ಬಿಸಿಲು ಎದುರಿನ ಗೋಡೆಗೆ ಬೀಳುತ್ತದೆ, ಈ ಗೋಡೆ ನೆರಳಿನಲ್ಲೇ ಇರುತ್ತದೆ. ಡಿಸೆಂಬರಿನಲ್ಲಿ ಅವನು ನೈಋತ್ಯದಲ್ಲಿ ಮುಳುಗುತ್ತಾನೆ. ಆಗ ಅದೇ ಕಿಟಕಿಯ ಬಿಸಿಲು ಓರೆಯಾಗಿ ಬಂದು ಈ ಗೋಡೆಯ ಮೇಲೆ ನಾಲ್ಕು ಅಡಿಗಳವರೆಗೆ ಹರಡುತ್ತದೆ. ಅದಕ್ಕಾಗಿಯೇ ಚಳಿಗಾಲದ ಸಂಜೆಗಳಲ್ಲಿ ಸುಣ್ಣದ ಕಡ್ಡಿಯಿಂದ ಬಿಸಿಲಿನ ಅಂಚನ್ನು ಗೋಡೆಯ ಮೇಲೆ ಗುರುತು ಮಾಡಿಟ್ಟುಕೊಂಡೆ. ಮಳೆಗಾಲದಲ್ಲಿ ಜಾಗ ನೋಡಿ ಚಿತ್ರಪಟವನ್ನು ತೂಗುಹಾಕಿದವರು ಸಂಕ್ರಾಂತಿಯ ಹೊತ್ತಿಗೆ ಅದು ಬಿಸಿಲಲ್ಲಿ ಬೇಯುವುದನ್ನು ನೋಡಬೇಕಾಗುತ್ತದೆ.

ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಬಟ್ಟೆಗಳ ಮೇಲೆ ಸುಮಾರು 50 ಲಕ್ಸ್‌ಗಿಂತ (ಲಕ್ಸ್ ಎಂದರೆ ಬೆಳಕಿನ ಅಳತೆ) ಹೆಚ್ಚು ಬೆಳಕು ಬೀಳದಂತೆ ನೋಡಿಕೊಳ್ಳುತ್ತಾರೆ. ನೇರ ಬಿಸಿಲಿನಲ್ಲಿ ಅದು ಹತ್ತಾರು ಸಾವಿರ ಲಕ್ಸ್ ಇರುತ್ತದೆ. ಜನ ವಾಸಿಸುವ ಮನೆಯನ್ನು 50 ಲಕ್ಸ್‌ನಲ್ಲಿ ಇಡಲಾಗದು, ಇಡಬೇಕಾದ ಅಗತ್ಯವೂ ಇಲ್ಲ. ಆದರೆ ಇರುವುದರಲ್ಲೇ ಹೆಚ್ಚು ಮಂದವಾದ ಮೂಲೆ ಬಟ್ಟೆಗೆ ಸಿಗಬೇಕು. ಬೆಳಕು ಅಳೆಯುವ ಮೊಬೈಲ್ ಆ್ಯಪ್‌ಗಳು ಅಷ್ಟು ನಿಖರವಲ್ಲ, ಎರಡು ಜಾಗಗಳನ್ನು ಹೋಲಿಸಲು ಮಾತ್ರ ಧಾರಾಳವಾಗಿ ಸಾಕು. ಕಿಟಕಿಯ ತುದಿಯಲ್ಲಿ ಅಂಕಿ ಸಾವಿರಗಳಲ್ಲಿತ್ತು, ಅಡುಗೆಮನೆಯ ತುದಿಯಲ್ಲಿ ನೂರಕ್ಕಿಂತ ಕೆಳಗೆ. ಸೆರಗಿನ ಜಾಗ ಅಲ್ಲಿಗೆ ತೀರ್ಮಾನವಾಯಿತು. ಒಗ್ಗರಣೆಯ ಹೊಗೆಯೂ ಆ ಕಡೆಗೇ ಬರುತ್ತದೆ, ನಿಜ. ಸೆರಗು ಗಾಜಿನ ಹಿಂದೆ ಇರುವುದರಿಂದ ಎಣ್ಣೆಯ ಜಿಡ್ಡನ್ನು ಗಾಜಿನ ಮೇಲಿಂದ ಒರೆಸಿದರೆ ಆಯಿತು.

ಗೋಡೆಯ ಬಣ್ಣಕ್ಕೆ ಬಣ್ಣದಂಗಡಿಯವರು ಕೆಮ್ಮಣ್ಣಿನ ಛಾಯೆಯನ್ನು ಸೂಚಿಸಿದರು. ಇಳಕಲ್ ಸೆರಗಿನ ಕೆಂಪಿನ ಪಕ್ಕದಲ್ಲಿ ಇನ್ನೊಂದು ಕೆಂಪು ಬಂದರೆ ಎರಡೂ ಸಾಯುತ್ತವೆ. ಸ್ವಲ್ಪ ಹಳದಿ ಬೆರೆತ ಬೆಣ್ಣೆಯ ಬಣ್ಣ ಆರಿಸಿದೆ. ಕೆಂಪು ಸೆರಗು, ಕಪ್ಪು ಬಿದ್ರಿ, ಹೊಳೆಯುವ ಹಿತ್ತಾಳೆ ಮೂರೂ ಅದರ ಮೇಲೆ ಎದ್ದು ಕಾಣುತ್ತವೆ. ಎರಡಡಿಯ ಚೌಕವನ್ನು ಮೊದಲು ಬಳಿದು, ಬೆಳಗಿನ ಬೆಳಕಿನಲ್ಲಿ ಒಮ್ಮೆ, ರಾತ್ರಿ ದೀಪದ ಬೆಳಕಿನಲ್ಲಿ ಒಮ್ಮೆ ಸೆರಗನ್ನು ಪಕ್ಕದಲ್ಲಿ ಹಿಡಿದು ನೋಡಿದ ಮೇಲೆಯೇ ಉಳಿದ ಗೋಡೆಗೆ ಕುಂಚ ಹಾಕಿದ್ದು.

ಸೆರಗು

ಇಡೀ ಕೆಲಸದಲ್ಲಿ ಅತಿ ಹೆಚ್ಚು ಹೊತ್ತು ಹಿಡಿದದ್ದು ಇದು. ಅಷ್ಟು ಹೊತ್ತು ಕೊಡಲು ತಕ್ಕ ವಸ್ತುವೂ ಹೌದು.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಉದ್ದಕ್ಕೆ ಹೋಗುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಒಡಲಿನ ಹತ್ತಿಯ ಎಳೆಗಳನ್ನೂ ಸೆರಗಿನ ರೇಷ್ಮೆಯ ಎಳೆಗಳನ್ನೂ ಒಂದರೊಳಗೊಂದು ಕೊಂಡಿ ಹಾಕಿ ಸೇರಿಸಿ ನೇಯುತ್ತಾರೆ. ಸೆರಗಿನ ಕೆಂಪು ನೆಲದ ಮೇಲೆ ಬಿಳಿಯ ವಿನ್ಯಾಸ ಬರುತ್ತದೆ. ಬಾಚಣಿಗೆಯ ಹಲ್ಲಿನಂಥ ಹಣಿಗೆ, ಕೋಟೆಯ ತೆನೆ, ಜೋಳದ ತೆನೆ, ಎಲ್ಲವೂ ಉತ್ತರ ಕರ್ನಾಟಕದ ಬದುಕಿನಿಂದಲೇ ಬಂದವು. ಅಜ್ಜಿಯ ಸೀರೆಯ ಒಡಲು ಮಡಿಕೆಗಳಲ್ಲಿ ಹರಿದುಹೋಗಿತ್ತು. ಸೆರಗು, ಕೊಂಡಿಯ ಸಾಲು ಮತ್ತು ಅದಕ್ಕೆ ತಾಗಿದ ಒಂದು ಗೇಣು ಒಡಲು ಮಾತ್ರ ಗಟ್ಟಿಯಾಗಿದ್ದವು. ಆ ಒಂದು ಗೇಣಿನಲ್ಲೇ ಕಸೂತಿಯ ಗೋಪುರ ಮತ್ತು ತುಳಸಿಕಟ್ಟೆಗಳಿವೆ. ಕೊಂಡಿಯ ಸಾಲು ಕಾಣಿಸಲೇಬೇಕು ಎಂದು ಮೊದಲೇ ನಿಶ್ಚಯಿಸಿದ್ದೆ. ಅದನ್ನು ಚೌಕಟ್ಟಿನೊಳಗೆ ಮಡಚಿ ಮರೆಮಾಡಿದರೆ ಅದು ಇಳಕಲ್ ಸೀರೆ ಎನ್ನುವುದಕ್ಕೆ ಇರುವ ದೊಡ್ಡ ಗುರುತನ್ನೇ ಮುಚ್ಚಿದಂತೆ.

ತೊಳೆಯಲಿಲ್ಲ. ಒದ್ದೆ ಹತ್ತಿಯನ್ನು ಒಳಅಂಚಿನ ಒಂದು ಮೂಲೆಗೆ ಒತ್ತಿ ನೋಡಿದಾಗ ಕೆಂಪು ಇಳಿಯಿತು. ಅಂಥ ಬಟ್ಟೆಯನ್ನು ನೀರಿಗೆ ಹಾಕಿದರೆ ಬಿಳಿಯ ತೆನೆಗಳೆಲ್ಲ ಗುಲಾಬಿಯಾಗುತ್ತವೆ. ನೆರಳಿನಲ್ಲಿ ಚಪ್ಪಟೆಯಾಗಿ ಹರಡಿ, ಮೇಲೆ ತೆಳು ಜಾಲರಿ ಬಟ್ಟೆ ಹಾಸಿ, ಅದರ ಮೇಲಿನಿಂದ ವ್ಯಾಕ್ಯೂಮ್ ಯಂತ್ರದ ಅತಿ ಕಡಿಮೆ ಸೆಳೆತದಲ್ಲಿ ಧೂಳು ತೆಗೆದೆ. ಮಡಿಕೆಯ ಗೆರೆಗಳಿಗೆ ಇಸ್ತ್ರಿ ಮುಟ್ಟಿಸಲಿಲ್ಲ. ಒಗೆದ ಹತ್ತಿಬಟ್ಟೆ ಸುತ್ತಿದ ಕೊಳವೆಗೆ ಸಡಿಲವಾಗಿ ಸುತ್ತಿಟ್ಟಾಗ ಅವು ತಾವಾಗಿಯೇ ತಗ್ಗಿದವು. ಪೂರ್ತಿ ಹೋಗಲಿಲ್ಲ, ಹೋಗಬೇಕೆಂದೂ ನನಗೆ ಅನ್ನಿಸಲಿಲ್ಲ. ಉಟ್ಟು ಮಡಚಿಟ್ಟ ಸೀರೆಯಲ್ಲಿ ಗೆರೆ ಇರುವುದು ಸಹಜ.

ಚೌಕಟ್ಟು ಹಾಕುವ ಅಂಗಡಿಗಳಲ್ಲಿ ಬಟ್ಟೆಯನ್ನು ಅಂಟು ಬಳಿದು ರಟ್ಟಿಗೆ ಹಚ್ಚಿಬಿಡುವ ರೂಢಿಯಿದೆ. ಸೀರೆಯ ಮೇಲೆ ಪ್ರೀತಿ ಇರುವವರು ಇದಕ್ಕೆ ಒಪ್ಪಬಾರದು. ಅಂಟು ಕಾಲಕ್ರಮದಲ್ಲಿ ಹಳದಿಯಾಗುತ್ತದೆ, ಬಿರುಸಾಗುತ್ತದೆ, ಎಳೆಗಳನ್ನು ತನ್ನೊಂದಿಗೆ ಮುರಿಯುತ್ತದೆ, ಮತ್ತೆ ಬಿಡಿಸಲು ದಾರಿಯೇ ಇರುವುದಿಲ್ಲ. ನಾನು ಮಾಡಿದ್ದು ಹೀಗೆ. ಕಲಾಸಾಮಗ್ರಿಯ ಅಂಗಡಿಯಿಂದ ಆಮ್ಲರಹಿತ ದಪ್ಪ ರಟ್ಟು ತಂದೆ. ಅದರ ಮೇಲೆ ಬಣ್ಣ ಹಾಕದ ಖಾದಿಯನ್ನು ಬಿಗಿದೆ. ಖಾದಿಯನ್ನು ಮೊದಲು ಬಿಸಿನೀರಿನಲ್ಲಿ ಚೆನ್ನಾಗಿ ಒಗೆದು ಗಂಜಿಯನ್ನು ಪೂರ್ತಿ ತೆಗೆಯಬೇಕು, ಏಕೆಂದರೆ ಗಂಜಿ ಬೆಳ್ಳಿಹುಳುಗಳಿಗೆ ಊಟ. ಆ ಖಾದಿಗೆ ಸೆರಗನ್ನು ಹೊಲಿದೆ. ಸೂಜಿ ತೆಳುವಾಗಿರಬೇಕು, ಎಳೆಯನ್ನು ಸೀಳದೆ ಎರಡು ಎಳೆಗಳ ನಡುವೆ ಇಳಿಯಬೇಕು, ದಾರವನ್ನು ಬಿಗಿಯಾಗಿ ಎಳೆಯಬಾರದು. ಭಾರ ಹೊರುವ ಮೇಲಂಚಿನಲ್ಲಿ ಅರ್ಧ ಇಂಚಿಗೊಂದು ಹೊಲಿಗೆ, ಒಳಗೆಲ್ಲ ಅಂಗೈಯಷ್ಟು ಅಂತರದಲ್ಲಿ ಒಂದೊಂದು. ಮೇಲಂಚು ಒಂದೇ ಎಲ್ಲ ಭಾರವನ್ನೂ ಹೊತ್ತರೆ ಕೆಲವೇ ವರ್ಷಗಳಲ್ಲಿ ಅಲ್ಲಿ ಸೀಳುತ್ತದೆ.

ಅವ್ವ ಪಕ್ಕದಲ್ಲಿ ಕುಳಿತು ಕಸೂತಿಯ ಹಿಂಬದಿಯನ್ನು ತೋರಿಸಿದಳು. ಗವಂತಿ ಮತ್ತು ಮುರ್ಗಿ ಹೊಲಿಗೆಗಳಲ್ಲಿ ಗಂಟು ಹಾಕುವುದಿಲ್ಲ, ಎರಡೂ ಬದಿ ಒಂದೇ ತೆರನಾಗಿ ಕಾಣುತ್ತದೆ. "ನಿನ್ನ ಹೊಲಿಗೆಯಲ್ಲೂ ಗಂಟು ಕಾಣಬಾರದು" ಎಂದಳು. ಆದ್ದರಿಂದ ಗಂಟುಗಳನ್ನೆಲ್ಲ ಖಾದಿಯ ಹಿಂದೆಯೇ ಉಳಿಸಿದೆ.

ಗಾಜು ಬಟ್ಟೆಗೆ ತಾಗಬಾರದು. ತಾಗಿದರೆ ಮಳೆಗಾಲದ ತೇವ ಎರಡರ ನಡುವೆ ಸಿಕ್ಕಿಕೊಂಡು ಬೂಷ್ಟು ಹಿಡಿಯುತ್ತದೆ. ಚೌಕಟ್ಟಿನ ಒಳಗೆ ಸುತ್ತಲೂ 6 ಮಿಲಿಮೀಟರ್ ದಪ್ಪದ ಪಟ್ಟಿ ಕೂರಿಸಿ ಗಾಜನ್ನು ದೂರ ಇಟ್ಟೆ. ಹಿಂಭಾಗದ ಕೆಳಗಿನ ಎರಡು ಮೂಲೆಗಳಿಗೆ ಕಾರ್ಕ್‌ನ ಬಿಲ್ಲೆ ಅಂಟಿಸಿದೆ. ಇದರಿಂದ ಚೌಕಟ್ಟು ಗೋಡೆಗೆ ಮೆತ್ತಿಕೊಳ್ಳದೆ ಹಿಂದೆ ಗಾಳಿ ಆಡುತ್ತದೆ. ಮನೆಯ ಹೊರಗೋಡೆಗೆ ಇಂಥದ್ದನ್ನು ತೂಗುಹಾಕುವುದೇ ಬೇಡ, ಮಳೆಯ ತೇವ ಒಳಗೆ ಬರುವ ದಾರಿ ಅದು. ಈ ಗೋಡೆ ಎರಡು ಕೋಣೆಗಳ ನಡುವಿನ ಒಳಗೋಡೆ.

ಸಾಗುವಾನಿ ಪಟ್ಟಿ ಮತ್ತು ಗಿಳಿಗೂಟ

ಮಣ್ಣಿನ ದಪ್ಪ ಗೋಡೆಯಲ್ಲಿ ಗಿಳಿಗೂಟದ ಬಾಲ ಅರ್ಧ ಅಡಿಗೂ ಹೆಚ್ಚು ಒಳಗೆ ಹುದುಗಿರುತ್ತದೆ. ಹೊರಗೆ ಕಾಣುವುದು ಗಿಳಿಯ ಎದೆ, ಕೊರಳು, ಮೇಲೆತ್ತಿದ ಕೊಕ್ಕು. ಅದಕ್ಕೆ ಅಂಗಿ, ಟೊಪ್ಪಿಗೆ, ಚೀಲ ತೂಗುತ್ತಿದ್ದವು. ನಾಲ್ಕಿಂಚಿನ ಬ್ಲಾಕ್ ಗೋಡೆಯಲ್ಲಿ ಅದಕ್ಕೆ ನೆಲೆಯಿಲ್ಲ. ಆದ್ದರಿಂದ ಎರಡಿಂಚು ದಪ್ಪದ ಸಾಗುವಾನಿ ಪಟ್ಟಿಯನ್ನು ಗೋಡೆಗೆ ಅಡ್ಡಲಾಗಿ ಬಿಗಿದು, ಅದರಲ್ಲಿ ಚೌಕದ ತೂತು ಕೊರೆದು ಗೂಟಗಳನ್ನು ಕೂರಿಸುವ ಯೋಜನೆ ಹಾಕಿದೆ. ಗೋಡೆಯೊಳಗಿದ್ದ ಬಾಲವನ್ನಷ್ಟೇ ಕತ್ತರಿಸಿದೆ, ಕೆತ್ತನೆಯ ಭಾಗಕ್ಕೆ ಗರಗಸ ಮುಟ್ಟಿಲ್ಲ.

ಹಳೆಯ ಮರಕ್ಕೆ ಹೆರೆಯುವ ತೋಪಡ ಹಾಕುವ ಮೊದಲು ಅಯಸ್ಕಾಂತವೊಂದನ್ನು ಉದ್ದಕ್ಕೂ ಸರಿಸಿ ನೋಡಬೇಕು. ಮುರಿದ ಮೊಳೆಗಳು ಒಳಗೆ ಉಳಿದಿರುತ್ತವೆ, ಒಂದೇ ಮೊಳೆ ಅಲಗನ್ನು ಹಾಳುಮಾಡಬಲ್ಲದು. ನಮ್ಮ ಪಟ್ಟಿಯಲ್ಲಿ ಕೆಲವು ಸಿಕ್ಕವು. ಒಂದು ತುದಿಯಲ್ಲಿ ಹುಳು ಕೊರೆದ ತೂತುಗಳಿದ್ದವು. ಅವುಗಳಿಗೆ ಸಿರಿಂಜಿನಿಂದ ಹುಳುನಾಶಕ ಇಳಿಸಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ಹೊಸ ಮರಪುಡಿ ಉದುರುವುದು ನಿಂತಿದೆಯೇ ಎಂದು ಕಾದು ನೋಡಿ, ಕೊನೆಗೆ ಜೇನುಮೇಣ ತುಂಬಿದೆ. ಹುಳು ಸತ್ತಿದೆಯೆಂದು ಖಚಿತವಾಗದೆ ಹಳೆಯ ಮರವನ್ನು ಮನೆಯ ಉಳಿದ ಮರದ ಸಾಮಾನುಗಳ ನಡುವೆ ತರುವುದು ಅಪಾಯ.

ಮೇಲ್ಮೈಯನ್ನು ತೀರಾ ನುಣುಪು ಮಾಡಲಿಲ್ಲ. 120ರ ಮರಳುಕಾಗದ, ಆಮೇಲೆ 220ರದು, ಅಷ್ಟಕ್ಕೇ ನಿಲ್ಲಿಸಿದೆ. ಕೈ ಸವೆಸಿದ ಜಾಗಗಳು ಹಾಗೆಯೇ ಉಳಿದವು. ಅಗಸೆ ಎಣ್ಣೆಯನ್ನು ತೆಳುವಾಗಿ ಹಚ್ಚಿ, ಸ್ವಲ್ಪ ಹೊತ್ತಿನ ನಂತರ ಹೆಚ್ಚಾದದ್ದನ್ನು ಒರೆಸಿ, ಪೂರ್ತಿ ಒಣಗಿದ ಮೇಲೆ ಮತ್ತೊಮ್ಮೆ ಹಚ್ಚಿದೆ. ಇಲ್ಲಿ ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿಯೇ ಹೇಳಬೇಕು. ಅಗಸೆ ಎಣ್ಣೆ ಗಾಳಿಯೊಂದಿಗೆ ಸೇರಿ ಒಣಗುವಾಗ ಬಿಸಿ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅವು ತಾವಾಗಿಯೇ ಹೊತ್ತಿಕೊಳ್ಳಬಹುದು. ನೀರಿನಲ್ಲಿ ಅದ್ದಿಡಬೇಕು, ಇಲ್ಲವೇ ಹೊರಗೆ ಒಂದೊಂದನ್ನೇ ಹರಡಿ ಒಣಗಿಸಬೇಕು.

ಗೋಡೆಗೆ ಬಿಗಿಯಲು 5 ಇಂಚಿನ ಸ್ಕ್ರೂ, 10 ಮಿಲಿಮೀಟರ್ ತೂತು, ಪ್ಲಾಸ್ಟಿಕ್ ಪ್ಲಗ್. ಲೆಕ್ಕ ಹೀಗಿದೆ: ಪಟ್ಟಿಗೆ ಎರಡು ಇಂಚು, ಗಾರೆಗೆ ಅರ್ಧ ಇಂಚಿನ ಮೇಲೆ, ಉಳಿದ ಎರಡು ಇಂಚಿಗೂ ಹೆಚ್ಚು ಉದ್ದ ಬ್ಲಾಕಿನೊಳಗೆ. ಗಾರೆಯನ್ನಷ್ಟೇ ಹಿಡಿದ ಸ್ಕ್ರೂ ಭಾರ ಹೊರುವುದಿಲ್ಲ. ನಮ್ಮದು ಗಟ್ಟಿ ಬ್ಲಾಕ್. ಪೊಳ್ಳು ಬ್ಲಾಕ್ ಆಗಿದ್ದರೆ ಡ್ರಿಲ್ಲಿನ ಸುತ್ತಿಗೆಯ ಹೊಡೆತವನ್ನು ನಿಲ್ಲಿಸಿ ಬರಿ ತಿರುಗಿಸಿ ಕೊರೆಯಬೇಕು, ಇಲ್ಲದಿದ್ದರೆ ಒಳಗಿನ ತೆಳು ಗೋಡೆ ಒಡೆಯುತ್ತದೆ. ಸ್ವಿಚ್‌ಬೋರ್ಡಿನ ನೇರ ಮೇಲೆ, ನೇರ ಕೆಳಗೆ ವಿದ್ಯುತ್ ಕೊಳವೆ ಹೋಗಿರುವ ಸಾಧ್ಯತೆ ಹೆಚ್ಚು, ಆ ಸಾಲಿನಲ್ಲಿ ಡ್ರಿಲ್ ಹಿಡಿಯಬಾರದು. ರಸಮಟ್ಟ ಇಟ್ಟು ಗೆರೆ ಎಳೆದು ಪಟ್ಟಿ ಬಿಗಿದು, ಸ್ಕ್ರೂಗಳ ತಲೆಯನ್ನು ಅದೇ ಮರದ ಬಿರಡೆಗಳಿಂದ ಮುಚ್ಚಿದೆ. ಮೂರು ಗೂಟಗಳ ಬೆನ್ನ ಮೇಲೆ ನಾಲ್ಕಡಿ ಉದ್ದದ ಹಲಗೆ ಕುಳಿತಿತು. ಕೊಕ್ಕುಗಳು ಮೇಲಕ್ಕೆ ಬಾಗಿರುವುದರಿಂದ ಹಲಗೆ ಮುಂದಕ್ಕೆ ಜಾರುವುದಿಲ್ಲ. ನಾಲ್ಕನೆಯ ಗೂಟವನ್ನು ಬಿಡಿಯಾಗಿ, ಬಾಗಿಲ ಹತ್ತಿರ, ಅದರ ಹಳೆಯ ಕೆಲಸಕ್ಕೇ ಬಿಟ್ಟೆ. ಈಗ ಅದಕ್ಕೆ ಕೈಚೀಲ ತೂಗುತ್ತದೆ.

ಬಿದ್ರಿ

ಹೂದಾನಿ ಬಂದಾಗ ಇಡೀ ಮೈ ಒಂದೇ ಬೂದುಗಪ್ಪು. ಬೆಳ್ಳಿಯ ಬಳ್ಳಿಗಳು ಎಲ್ಲಿವೆ ಎಂದು ಹುಡುಕಬೇಕಿತ್ತು. ಅವ್ವ ಹುಣಸೆಹಣ್ಣು ನೆನೆಹಾಕಲು ಎದ್ದಳು. ಹಿತ್ತಾಳೆಗೆ ಅಮೃತವಾಗುವ ಹುಣಸೆ ಬಿದ್ರಿಗೆ ವಿಷ. ಅದು ಏಕೆ ಎಂದು ತಿಳಿಯಲು ಬೀದರಿನ ಕೆಲಸಗಾರರು ಇದನ್ನು ಮಾಡುವ ಬಗೆ ತಿಳಿದಿರಬೇಕು. ಬಿದ್ರಿಯ ಮೈ ಸತು ಮತ್ತು ತಾಮ್ರದ ಮಿಶ್ರಲೋಹ. ಸತುವೇ ಬಹುಪಾಲು, ತಾಮ್ರ ಅಲ್ಪ. ಎರಕ ಹೊಯ್ದು ಅರ ಹಾಕಿದ ಮೇಲೆ ಅದರ ಮೈ ಬೆಳ್ಳಗಿರುತ್ತದೆ. ಗೆರೆ ಕಾಣಲೆಂದು ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ವಿನ್ಯಾಸವನ್ನು ಉಳಿಯಿಂದ ಕೊರೆದು, ಆ ಕಾಲುವೆಗಳಲ್ಲಿ ಬೆಳ್ಳಿಯ ತಂತಿ ಅಥವಾ ತಗಡನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದ ನೀರಿನಲ್ಲಿ ಕಲಸಿ ಬಿಸಿಯಾದ ಪಾತ್ರೆಗೆ ಹಚ್ಚಿದಾಗ ಲೋಹ ಮಾತ್ರ ಶಾಶ್ವತವಾಗಿ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಆ ಕಪ್ಪು ಲೋಹದ ಮೇಲೆ ಬಹಳ ತೆಳುವಾದ ಪದರ. ಹುಳಿ ತಾಗಿದರೆ, ಹಿತ್ತಾಳೆ ಹೊಳಪಿಸುವ ದ್ರವ ತಾಗಿದರೆ ಅದು ಎದ್ದುಹೋಗುತ್ತದೆ, ಕೆಳಗಿನ ಬಿಳಿ ಸತು ಹೊರಬರುತ್ತದೆ. ಆಮೇಲೆ ಬೆಳ್ಳಿ ಯಾವುದು, ನೆಲ ಯಾವುದು ಎಂಬ ವ್ಯತ್ಯಾಸವೇ ಇರುವುದಿಲ್ಲ.

ಹಾಗಾಗಿ ಒಣ ಮೆತ್ತನೆಯ ಬಟ್ಟೆ, ತಾಳ್ಮೆ, ಇಷ್ಟೇ. ಹಳೆಯ ಪಂಚೆಯ ತುಂಡಿನಿಂದ ಬೆಳ್ಳಿಯ ಗೆರೆಗಳ ಮೇಲಷ್ಟೇ ಬೆರಳ ತುದಿಯಿಂದ ಉಜ್ಜುತ್ತ ಹೋದಾಗ ಬಳ್ಳಿ, ಎಲೆ, ಹೂವು ಒಂದೊಂದಾಗಿ ಮೇಲೆ ಬಂದವು. ಕೊನೆಗೆ ಎರಡು ಹನಿ ಕೊಬ್ಬರಿ ಎಣ್ಣೆಯನ್ನು ಬೇರೆ ಬಟ್ಟೆಗೆ ಸವರಿ ಇಡೀ ಮೈಗೆ ಒರೆಸಿ, ಜಿಡ್ಡು ಉಳಿಯದಂತೆ ಮತ್ತೆ ಒಣ ಬಟ್ಟೆ ಆಡಿಸಿದೆ. ಕಪ್ಪು ಆಳಕ್ಕಿಳಿಯಿತು, ಬೆಳ್ಳಿ ಮಿಂಚಿತು. ಕೊರಳಿನ ಹತ್ತಿರ ಒಂದು ತಂತಿ ಕಾಲುವೆಯಿಂದ ಎದ್ದಿದೆ. ಅದಕ್ಕೆ ಅಂಟು ಹಾಕುವ ಆಸೆಯನ್ನು ತಡೆದೆ. ತಂತಿಯನ್ನು ಹಿಡಿದಿಡಬೇಕಾದದ್ದು ಬಡಿದು ಕೂರಿಸಿದ ಬಿಗಿ, ಅದು ಬೀದರಿನ ಕೈಗೇ ಹೋಗಬೇಕಾದ ಕೆಲಸ.

ಹೂದಾನಿ ಎಂಬ ಹೆಸರಿದೆಯೆಂದು ನೀರು ತುಂಬಿ ಹೂವು ಇಡಬಾರದು. ಸತು ನೀರಿನಲ್ಲಿ ಬಿಳಿ ಪುಡಿಯಾಗಿ ಎದ್ದು ಬರುತ್ತದೆ. ನಮ್ಮದರ ತಳದಲ್ಲಿ ಅಂಥ ಪುಡಿ ಆಗಲೇ ಇತ್ತು. ಇದನ್ನು ಬರಿದಾಗಿ ಇಟ್ಟಿದ್ದೇನೆ. ಅಷ್ಟು ಕುಸುರಿ ಇರುವ ವಸ್ತುವಿಗೆ ಹೂವಿನ ಹಂಗು ಬೇಕಿಲ್ಲ.

ಉಳಿದವು

ಸಮೆಯನ್ನು ಮಾತ್ರ ಹುಣಸೆ ಮತ್ತು ಉಪ್ಪಿನಿಂದ ತಿಕ್ಕಿದೆವು. ಉಬ್ಬಿದ ಭಾಗಗಳನ್ನು ಬೆಳಗಿಸಿ ಕೆತ್ತನೆಯ ಸಂದುಗಳ ಕಪ್ಪನ್ನು ಬಿಟ್ಟರೆ ವಿನ್ಯಾಸ ಚೆನ್ನಾಗಿ ಓದಿಸಿಕೊಳ್ಳುತ್ತದೆ. ಸಂದುಗಳಲ್ಲಿ ಹುಣಸೆಯ ರಸ ಉಳಿದರೆ ಹಸಿರು ಕಿಲುಬು ಬರುತ್ತದೆ. ಆದ್ದರಿಂದ ಧಾರಾಳವಾಗಿ ತೊಳೆದು, ಒರೆಸಿ, ಬಿಸಿಲಿಗಿಟ್ಟು ಒಣಗಿಸಬೇಕು. ಸಮೆ ಈಗ ಕಿಟಕಿಯ ತುದಿಯಲ್ಲಿದೆ, ಸಂಜೆಯ ಬಿಸಿಲು ಅದರ ಪಾಲಿಗೆ ವರವೇ.

ಹಂಡೆಯ ಮೇಲ್ಭಾಗವನ್ನಷ್ಟೇ ಬೆಳಗಿದೆ. ತಳದ ಮಸಿಯನ್ನು ಉಳಿಸಿದೆ. ತಲೆಮಾರುಗಳ ಅಭ್ಯಂಜನದ ನೀರು ಕಾಯಿಸಿದ ಮಸಿ ಅದು, ಅದನ್ನು ಕೆರೆದು ಹಂಡೆಯನ್ನು ಹೋಟೆಲಿನ ಅಲಂಕಾರದ ಪಾತ್ರೆಯಂತೆ ಮಾಡಲು ಮನಸ್ಸಾಗಲಿಲ್ಲ. ಒಳಗೆ ಪ್ಲಾಸ್ಟಿಕ್ ಕುಂಡದಲ್ಲಿ ಗಿಡ. ಕುಂಡವನ್ನು ಹೊರತೆಗೆದು ನೀರು ಹಾಕಿ, ಸೋರುವುದು ನಿಂತ ಮೇಲೆ ಒಳಗಿಡುತ್ತೇವೆ.

ಚನ್ನಪಟ್ಟಣದ ಗೊಂಬೆಗಳನ್ನು ಹಲಗೆಯ ಮೇಲೆ, ಸುಣ್ಣದ ಗೆರೆಯ ಈಚೆಗೆ ಇಟ್ಟೆ. ಹಾಲೆ ಮರವನ್ನು ಚರಕಿಯಲ್ಲಿ ತಿರುಗಿಸುತ್ತ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ತಾಳೆಗರಿಯಿಂದ ಉಜ್ಜಿದಾಗ ಹೊಳಪು ಬರುತ್ತದೆ. ಬಿಸಿಯಿಂದ ಹತ್ತಿದ ಬಣ್ಣ ಬಿಸಿಯಿಂದಲೇ ಮೆತ್ತಗಾಗುತ್ತದೆ. ಸ್ಯಾನಿಟೈಸರಿನಿಂದಲೂ ಒರೆಸಬಾರದು, ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಒಣ ಬಟ್ಟೆ ಸಾಕು.

ಕೂರಿಸುವುದು

ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮೈಸೂರು ಸೀಮೆಯ ಮನೆಗಳಿಗೆ ಈ ವಿದ್ಯೆಯನ್ನು ಯಾರೂ ಕಲಿಸಬೇಕಿಲ್ಲ. ಬೆಸ ಸಂಖ್ಯೆಯ ಮೆಟ್ಟಿಲು, ಮೇಲೆ ಪಟ್ಟದ ಗೊಂಬೆ, ಎತ್ತರದವು ಹಿಂದೆ, ಗಿಡ್ಡನೆಯವು ಮುಂದೆ. ಹಲಗೆಯ ಮೇಲೆ ನಾನು ಅದನ್ನೇ ಪಾಲಿಸಿದೆ. ಬಿದ್ರಿ ಹೂದಾನಿಯನ್ನು ನಡುವಿನಿಂದ ಸ್ವಲ್ಪ ಎಡಕ್ಕೆ ಸರಿಸಿ ಒಂಟಿಯಾಗಿ ಇಟ್ಟೆ. ಗೊಂಬೆಗಳು ಮೂರು, ಬಲಕ್ಕೆ, ಒತ್ತಾಗಿ. ನಡುವೆ ಒಂದಡಿ ಖಾಲಿ ಜಾಗ. ಕಪ್ಪುಬಿಳುಪಿನ ಕುಸುರಿಯ ಪಕ್ಕಕ್ಕೇ ಹಳದಿ, ಕೆಂಪು, ಹಸಿರು ಗೊಂಬೆಗಳು ಬಂದರೆ ಕಣ್ಣು ಅವುಗಳ ಕಡೆಗೇ ಓಡುತ್ತದೆ, ಬಿದ್ರಿಯ ಸೂಕ್ಷ್ಮ ಯಾರಿಗೂ ಕಾಣುವುದಿಲ್ಲ. ಉಳಿದ ಗೊಂಬೆಗಳು ಪೆಟ್ಟಿಗೆಯಲ್ಲಿವೆ, ಹಬ್ಬಕ್ಕೆ ಬದಲಾಗುತ್ತವೆ.

ಚಿತ್ರಪಟದ ನಡುಬಿಂದು ನೆಲದಿಂದ 57ರಿಂದ 60 ಇಂಚು ಎತ್ತರದಲ್ಲಿರಬೇಕೆಂಬುದು ನಿಂತು ನೋಡುವವರ ಅಳತೆ. ನಮ್ಮ ಪಡಸಾಲೆಯಲ್ಲಿ ನವಲಗುಂದದ ಜಮಖಾನೆಯ ಮೇಲೆ ಕುಳಿತುಕೊಳ್ಳುವವರೇ ಹೆಚ್ಚು. ಸೆರಗಿನ ನಡುವನ್ನು 48 ಇಂಚಿಗೆ ಇಳಿಸಿದೆ. ಗೋಡೆಯ ಮೇಲೆ ಅದೇ ಅಳತೆಯ ವೃತ್ತಪತ್ರಿಕೆಯನ್ನು ಅಂಟಿಸಿ, ಕುಳಿತು ನೋಡಿ, ನಿಂತು ನೋಡಿ ನಿರ್ಧರಿಸಿದ ಎತ್ತರ ಇದು. ಜಮಖಾನೆಯಲ್ಲಿ ನವಿಲು, ಪಗಡೆಯ ಮನೆಗಳು, ಗಾಢ ಬಣ್ಣಗಳು ತುಂಬಿರುವುದರಿಂದ ಗೋಡೆಯ ಕೆಳಗಿನ ಮೂರಡಿಯನ್ನು ಪೂರ್ತಿ ಖಾಲಿ ಬಿಟ್ಟಿದ್ದೇನೆ. ಬಂದವರು ಅಲ್ಲಿ ಒಂದು ಸಣ್ಣ ಮೇಜು ಹಾಕಬಹುದಲ್ಲ ಎನ್ನುತ್ತಾರೆ. ಹಾಕುವುದಿಲ್ಲ.

ದೀಪಕ್ಕೆ 2700 ಕೆಲ್ವಿನ್‌ನ, ಅಂದರೆ ಹಳದಿ ಛಾಯೆಯ, ಎಲ್‌ಇಡಿ. ಈ ಬಣ್ಣದ ಬೆಳಕಿನಲ್ಲಿ ರೇಷ್ಮೆಯ ಕೆಂಪಿಗೂ ಹಿತ್ತಾಳೆಗೂ ಜೀವ ಬರುತ್ತದೆ, 6500ರ ನೀಲಿಬಿಳಿಯಲ್ಲಿ ಎರಡೂ ಸೊರಗುತ್ತವೆ. ದೀಪವನ್ನು ಚಾವಣಿಯಲ್ಲಿ, ಬೆಳಕು ಲಂಬದಿಂದ ಸುಮಾರು 30 ಡಿಗ್ರಿ ಓರೆಯಲ್ಲಿ ಬೀಳುವಂತೆ ಕೂರಿಸಿದರೆ ಗಾಜಿನಲ್ಲಿ ಬಲ್ಬು ಪ್ರತಿಫಲಿಸುವುದಿಲ್ಲ. ಸೆರಗಿನ ದೀಪಕ್ಕೆ ಪ್ರತ್ಯೇಕ ಸ್ವಿಚ್ ಹಾಕಿಸಿದ್ದೇನೆ. ಯಾರೂ ನೋಡದಿರುವಾಗ ಅದು ಆರಿರುತ್ತದೆ, ಅಷ್ಟರಮಟ್ಟಿಗೆ ಬಣ್ಣದ ಆಯುಷ್ಯ ಉಳಿಯುತ್ತದೆ.

ಬಾಕಿ ಇರುವುದು ಎರಡು ಕೆಲಸ. ಬಿದ್ರಿಯ ಎದ್ದ ತಂತಿಗಾಗಿ ಬೀದರಿಗೆ ಹೋಗಿಬರುವುದು, ಮತ್ತು ಮಳೆಗಾಲ ಮುಗಿದೊಡನೆ ಚೌಕಟ್ಟನ್ನು ಇಳಿಸಿ ಹಿಂಬದಿಯ ಕಾಗದ ತೆಗೆದು ತೇವ, ಬೂಷ್ಟು, ಬೆಳ್ಳಿಹುಳು ಏನಾದರೂ ಇದೆಯೇ ಎಂದು ನೋಡುವುದು. ಎರಡನೆಯದನ್ನು ಪ್ರತಿ ವರ್ಷ ಆಯುಧಪೂಜೆಯ ಹಿಂದಿನ ಶುಚಿ ಕೆಲಸದ ಪಟ್ಟಿಗೆ ಸೇರಿಸಿದ್ದೇವೆ.